ಭಾನುವಾರದ ಚಿತ್ರ ಚರ್ಚೆಯ ಕುರಿತು

ಆತ್ಮೀಯ ಸದಸ್ಯರೆ,

ಈ ಭಾನುವಾರ ಸಂಜೆ ತುಮಕೂರಿನ ಅಮಾನಿಕೆರೆಯ ಬಳಿ ನಾವು ಚರ್ಚಿಸಲಿರುವ ಚಿತ್ರ 2022ರ ‘ದಿ ಸೈಲೆಂಟ್ ಟ್ವಿನ್ಸ್’. ವೇಲ್ಸ್‌ನಲ್ಲಿ ಬೆಳೆದ ಜೂನ್ ಮತ್ತು ಜೆನ್ನಿಫರ್ ಗಿಬ್ಬನ್ಸ್ ಎಂಬ ತದ್ರೂಪಿ ಅವಳಿ ಸೋದರಿಯರು ಹೊರಗಿನವರೊಡನೆ ಮಾತು ನಿಲ್ಲಿಸಿ, ಇತರರಿಗೆ ಅರ್ಥವಾಗದಷ್ಟು ವೇಗವಾಗಿ ತಮ್ಮತಮ್ಮಲ್ಲೇ ಮಾತನಾಡಿಕೊಂಡು, ಕೋಣೆಯೊಳಗೆ ಗೊಂಬೆಗಳಿಗೆ ಕಥೆ ಕಟ್ಟುತ್ತ, ದಿನಚರಿ ಮತ್ತು ಕಾದಂಬರಿಗಳನ್ನು ಬರೆಯುತ್ತ ಬದುಕಿದ ನಿಜಕಥೆಯಿದು. ಬೆಂಕಿ ಹಚ್ಚಿದ್ದು, ಕಳ್ಳತನ ಮೊದಲಾದ ಅಪರಾಧಗಳಿಗಾಗಿ ಅವರು ಇಂಗ್ಲೆಂಡಿನ ಬಿಗಿ ಭದ್ರತೆಯ ಮನೋರೋಗ ಆಸ್ಪತ್ರೆಯಾದ ಬ್ರಾಡ್‌ಮೂರ್‌ನಲ್ಲಿ ಸುಮಾರು 11 ವರ್ಷ ಕಳೆಯಬೇಕಾಯಿತು; 1993ರಲ್ಲಿ ಅಲ್ಲಿಂದ ಬೇರೆಡೆಗೆ ವರ್ಗಾಯಿಸಿದ ದಿನವೇ ಜೆನ್ನಿಫರ್ ಹೃದಯದ ಸ್ನಾಯುವಿನ ಉರಿಯೂತದಿಂದ ತೀರಿಕೊಂಡರು.

ನಮ್ಮ ಚಿತ್ರಗಳಲ್ಲಿ ಅವಳಿಗಳೆಂದರೆ ಬಹುಪಾಲು ಒಬ್ಬರೇ ನಟರ ದ್ವಿಪಾತ್ರ ಮತ್ತು ಅದಲುಬದಲಿನ ಗೊಂದಲ. ಇಲ್ಲಿ ಲೆಟಿಷಿಯಾ ರೈಟ್, ತಮಾರಾ ಲಾರೆನ್ಸ್ ಎಂಬ ಇಬ್ಬರು ನಟಿಯರಿರುವುದರಿಂದ, ರೂಪದ ಹೋಲಿಕೆಗಿಂತ ಒಬ್ಬರು ಇನ್ನೊಬ್ಬರನ್ನು ಕಾಯುವ, ಕೆಲವೊಮ್ಮೆ ಉಸಿರುಗಟ್ಟಿಸುವ ಬಗೆಯೇ ಮುಂದೆ ಬರುತ್ತದೆ. ಚಿತ್ರದ ನಿಜವಾದ ಶಕ್ತಿ ಅದೇ ಎಂಬುದು ನನ್ನ ಅಭಿಪ್ರಾಯ. ಗಿಬ್ಬನ್ಸ್ ಸೋದರಿಯರನ್ನು ಬೇರೆ ಬೇರೆ ಶಾಲೆಗಳಲ್ಲಿ ಇರಿಸಿದಾಗ ಇಬ್ಬರೂ ಮತ್ತಷ್ಟು ಕುಗ್ಗಿದರು ಎಂಬುದನ್ನೂ, ಕಪ್ಪು ಮಕ್ಕಳಾಗಿ ಶಾಲೆಯಲ್ಲಿ ಅನುಭವಿಸಿದ ಕಿರುಕುಳವನ್ನೂ ದಯವಿಟ್ಟು ಗಮನದಲ್ಲಿಟ್ಟು ನೋಡಿರಿ. ಗುಂಪಿನಲ್ಲಿ ಅವಳಿ ಮಕ್ಕಳ ತಾಯಂದಿರಿದ್ದಾರೆ. ಚರ್ಚೆಯಲ್ಲಿ ಮೊದಲು ಅವರು ಮಾತನಾಡಲಿ.