ಫಿಲ್ಟರ್‌ನಲ್ಲಿ ನೀರು ಇನ್ನು ಮುಂದೆ ನಿಧಾನವಾಗಿ ಇಳಿಯುತ್ತದೆ, ಯಾಕೆಂದರೆ...

ಸಂಘದ ಸದಸ್ಯರಿಗೂ ಗ್ರಾಹಕರೆಲ್ಲರಿಗೂ ನಮಸ್ಕಾರ.

ಯುಗಾದಿಯಿಂದ, ನೀರಿನ ಫ್ಲೋರೈಡ್ ತೆಗೆಯುವ ನಮ್ಮ ಫಿಲ್ಟರ್‌ಗೆ ತುಂಬುವ ಅಲ್ಯುಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಕಾಳು ಮೊದಲಿಗಿಂತ ಸಣ್ಣದು. ಬಿಂದಿಗೆ ತುಂಬಲು ಹೆಚ್ಚು ಹೊತ್ತು ಹಿಡಿಯುತ್ತದೆ. ಕಟ್ಟಿಕೊಂಡಿದೆ ಎಂದುಕೊಂಡು ದಯವಿಟ್ಟು ಬಿಚ್ಚಬೇಡಿ.

ಈ ಕಾಳಿನ ಮೂಲ ಬಾಕ್ಸೈಟ್ ಅದಿರು. ಅದರಿಂದ ತೆಗೆದ ಅಲ್ಯುಮಿನಾ ಹೈಡ್ರೇಟನ್ನು ಸುಮಾರು 500 ಡಿಗ್ರಿಗೆ ಕಾಯಿಸಿದಾಗ ಒಳಗಿನ ನೀರಿನಂಶ ಹೋಗಿ, ಕಣ್ಣಿಗೆ ಕಾಣದ ರಂಧ್ರಗಳು ಉಳಿಯುತ್ತವೆ. ಒಂದು ಗ್ರಾಂ ಕಾಳಿನ ಒಳಮೈ ಬಿಡಿಸಿ ಹಾಸಿದರೆ 200 ಚದರ ಮೀಟರ್ ದಾಟುತ್ತದೆ. ಫ್ಲೋರೈಡನ್ನು ಹಿಡಿಯುವುದು ಈ ಒಳಮೈ. ಕಾಳು ದಪ್ಪಗಿದ್ದರೆ ಫ್ಲೋರೈಡ್ ಅದರ ನಡುವಿನ ತನಕ ತಲುಪುವ ಮೊದಲೇ ನೀರು ಕೆಳಗಿಳಿದಿರುತ್ತದೆ.

ಪಾವಗಡದ ಕಡೆಯ ಬೋರ್‌ವೆಲ್ ನೀರಿಗೆ ಇದು ಬಹಳ ಮುಖ್ಯ. ಬಂಡೆಯ ಸಂದಿಯಲ್ಲಿ ಬಹುಕಾಲ ನಿಂತ ನೀರದು. ಫ್ಲೋರೈಡ್ ಜೊತೆಗೆ ಬೈಕಾರ್ಬನೇಟ್ ಎಂಬ ಲವಣಾಂಶ ಕೂಡ ಇರುತ್ತದೆ, ಅದೂ ಕಾಳಿನಲ್ಲಿ ಜಾಗಕ್ಕೆ ಪೈಪೋಟಿ ಮಾಡುತ್ತದೆ. ಅಲ್ಯುಮಿನಾ ಚೆನ್ನಾಗಿ ದುಡಿಯುವುದು ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 5.5ರಿಂದ 6.5ರೊಳಗೆ, ನಮ್ಮ ನೀರು ಅದಕ್ಕಿಂತ ಮೇಲೆ. ಅದನ್ನು ಇಳಿಸಲು ಮನೆಯಲ್ಲಿ ಆಸಿಡ್ ಬೆರೆಸಿ ಎಂದು ನಾವು ಯಾವತ್ತೂ ಹೇಳುವುದಿಲ್ಲ. ಹಾಗಾಗಿ ಕಾಳು ಸಣ್ಣ ಮಾಡಿ, ನೀರನ್ನು ಹೆಚ್ಚು ಹೊತ್ತು ಅದರೊಳಗೆ ನಿಲ್ಲಿಸುವ ದಾರಿ ಹಿಡಿದಿದ್ದೇವೆ.

ಹೊಸ ಕಾಳು ತುಂಬಿದ ಮೇಲೆ ಮೊದಲು ಬೆಳ್ಳಗಿನ ಧೂಳಿನ ನೀರು ಬರುತ್ತದೆ. ತಿಳಿಯಾಗುವ ತನಕ ಚೆಲ್ಲಿ, ಆಮೇಲೆ ಕುಡಿಯಿರಿ.

ಕುಡಿಯುವ ನೀರಿನ ಭಾರತೀಯ ಮಾನದಂಡದಂತೆ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದ ಕಡೆ 1.5ರ ತನಕ. ರುಚಿಯಿಂದ ಇದು ಗೊತ್ತಾಗುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಪ್ರಮಾಣ ಏರುತ್ತದೆ. ಮಕ್ಕಳ ಹಲ್ಲು ಮೂಡುವ ವಯಸ್ಸಿನಲ್ಲಿ ಹೆಚ್ಚಿನ ಫ್ಲೋರೈಡಿನಿಂದ ಹಲ್ಲಿಗೆ ಬಿದ್ದ ಕಲೆ ತಾನಾಗಿ ಅಳಿಯುವುದಿಲ್ಲ. ಚಿಕ್ಕ ಮಕ್ಕಳಿರುವ ಮನೆಯವರು ಇದನ್ನು ಮುಂದೂಡಬೇಡಿ: ಫಿಲ್ಟರ್ ಆದ ನೀರನ್ನು ಬಾಟಲಿಯಲ್ಲಿ ತನ್ನಿ, ನಿಮ್ಮ ಕಣ್ಣೆದುರೇ ಪರೀಕ್ಷೆ ಮಾಡುತ್ತೇವೆ. ಕಿಟ್‌ನ ಬಣ್ಣ ಗುಲಾಬಿಯಿಂದ ಹಳದಿಗೆ ವಾಲಿದರೆ ಫ್ಲೋರೈಡ್ ಉಳಿದಿದೆ ಎಂದರ್ಥ, ಕಾಳು ಬದಲಿಸಬೇಕು.

ಹಳೆಯ ಕಾಳನ್ನು ಹಿತ್ತಲಿಗೋ ಬಾವಿಗೋ ಸುರಿಯಬೇಡಿ. ಕಾಸ್ಟಿಕ್ ಸೋಡಾದಲ್ಲಿ ತೊಳೆದು, ಆಸಿಡ್ ಹಾಕಿ ಸಮ ಮಾಡಿದರೆ ಅದು ಮತ್ತೆ ಕೆಲಸಕ್ಕೆ ಬರುತ್ತದೆ. ತೊಳೆದ ನೀರಲ್ಲಿ ಫ್ಲೋರೈಡ್ ಒಟ್ಟಿಗೆ ಇಳಿದಿರುವುದರಿಂದ ಈ ಕೆಲಸ ಮನೆಯಲ್ಲಿ ಬೇಡ. ಹಳೆಯ ಕಾಳು ತಂದುಕೊಟ್ಟವರಿಗೆ ಹೊಸದು ಹಳೆಯ ದರಕ್ಕೇ ಸಿಗುತ್ತದೆ.

ಇಂತಿ,
ಸಂಘದ ತಯಾರಿಕಾ ವಿಭಾಗ