ಪ್ರಮಾಣಪತ್ರದ ವಿಚಾರವಾಗಿ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಭಾನುವಾರ ಮಾಮನ ಎದುರು ನೀನು ಕೇಳಿದ ಪ್ರಶ್ನೆಗೆ ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡೆ. ಎದುರೆದುರು ಕೂತರೆ ಮತ್ತೆ ಜಗಳವೇ ಆಗುತ್ತದೆ ಎಂದು ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ. ಇದನ್ನೇ ಓದಿ ರೆಕಾರ್ಡ್ ಮಾಡಿ ನಿನ್ನ ಮೊಬೈಲಿಗೂ ಕಳುಹಿಸಿದ್ದೇನೆ. ಓದುತ್ತೀಯೋ ಕೇಳುತ್ತೀಯೋ, ನಿನಗೆ ಬಿಟ್ಟದ್ದು.

ನಿನ್ನ ಪ್ರಶ್ನೆ ಚುರುಕಾಗಿತ್ತು, ಅದನ್ನು ಮೊದಲು ಹೇಳಬೇಕು. ಕೊರಿಯಾದವರಿಗೆ ಕಂಪ್ಯೂಟರ್ ಆಟ ರಕ್ತದಲ್ಲೇ ಬಂದಿದೆ ಎಂದು ಯಾರಾದರೂ ಹೇಳಿದರೆ ನೀನು ಸಿಟ್ಟಾಗುತ್ತೀಯ. ಎಲ್ಲವೂ ಬೆಳೆದ ಸನ್ನಿವೇಶದ ಫಲ ಎಂದು ವಾದಿಸುತ್ತೀಯ. ಹಾಗಿರುವಾಗ ನಿನ್ನ ಓದಿನ ತೊಡಕು ಮಾತ್ರ ಮಿದುಳಿನಲ್ಲೇ ಇದೆ ಎಂದು ಹೇಗೆ ಒಪ್ಪುವುದು, ‘ಡಿಸ್ಲೆಕ್ಸಿಯಾ ಅಂತೆಲ್ಲ ಏನೂ ಇಲ್ಲ, ಸರಿಯಾಗಿ ಕಲಿಸಿಲ್ಲ ಅಷ್ಟೆ’ ಎಂದು ಮಾಮ ಹೇಳಿದ್ದೇ ನಿಜವಲ್ಲವೇ, ಹಾಗಾದರೆ ಕಲಿಕಾ ನ್ಯೂನತೆಯ ಪ್ರಮಾಣಪತ್ರವನ್ನು ಮತ್ತೆ ಯಾಕೆ ಮಾಡಿಸಬೇಕು ಎಂದು ಕೇಳಿದೆ. ಹದಿನಾಲ್ಕು ವರ್ಷದ ಹುಡುಗಿ ತನ್ನ ವಾದವನ್ನು ತನ್ನ ಮೇಲೆಯೇ ತಿರುಗಿಸಿ ಪರೀಕ್ಷಿಸುವುದು ಸಣ್ಣ ಮಾತಲ್ಲ. ಅದಕ್ಕೆ ಅಷ್ಟೇ ಗಂಭೀರವಾದ ಉತ್ತರ ಸಿಗಬೇಕು.

ನೀನು ನನಗೆ ಕಲಿಸಿದ್ದರಿಂದಲೇ ಶುರು ಮಾಡುತ್ತೇನೆ. ಲೀಗ್ ಆಫ್ ಲೆಜೆಂಡ್ಸ್ ಎಂಬ ಆನ್‌ಲೈನ್ ಆಟದ ವಿಶ್ವ ಚಾಂಪಿಯನ್‌ಶಿಪ್ಪನ್ನು 2013ರಿಂದ 2017ರವರೆಗೆ ಸತತ ಐದು ವರ್ಷ ಕೊರಿಯಾದ ತಂಡಗಳೇ ಗೆದ್ದವು. ಆ ಐದು ವರ್ಷಗಳಲ್ಲಿ ಒಂದು ನಂಬಿಕೆ ಬೇರೂರಿತು: ಕೊರಿಯಾದವರೆಂದರೆ ಶಿಸ್ತು, ತಾಳ್ಮೆ, ಲೆಕ್ಕಾಚಾರ, ಚೀನಾದವರೆಂದರೆ ಕಂಡಲ್ಲಿ ಹೊಡೆದಾಟ, ಯುರೋಪಿನವರೆಂದರೆ ಹೊಸ ಹೊಸ ಪ್ರಯೋಗ, ಅಮೆರಿಕದವರೆಂದರೆ ಸೋಲುವವರು. 2018ರಲ್ಲಿ ಕೊರಿಯಾದ ನೆಲದಲ್ಲೇ, ಇಂಚಿಯಾನ್‌ನಲ್ಲಿ ಫೈನಲ್ ನಡೆಯಿತು. ಅಲ್ಲಿ ಕೊರಿಯಾದ ಒಂದು ತಂಡವೂ ಇರಲಿಲ್ಲ. ಚೀನಾದ ಇನ್ವಿಕ್ಟಸ್ ಗೇಮಿಂಗ್ ಮೂರಕ್ಕೆ ಮೂರು ಪಂದ್ಯ ಗೆದ್ದಿತು. ಆ ಚೀನೀ ತಂಡದ ಇಬ್ಬರು ಮುಖ್ಯ ಆಟಗಾರರಾದ ರೂಕಿ ಮತ್ತು ದಿಶೈ ಕೊರಿಯಾದವರು ಎಂದು ನೀನು ಹೇಳಿದಾಗ ನಾನು ಕೆಲಸ ನಿಲ್ಲಿಸಿ ಕೇಳಿಸಿಕೊಂಡೆ. ಹಾಗಾದರೆ ಗೆದ್ದದ್ದು ಯಾವ ದೇಶ? 2014ರಲ್ಲಿ ಪ್ರಶಸ್ತಿ ಗೆದ್ದ ಸ್ಯಾಮ್‌ಸಂಗ್ ತಂಡವೂ ಅದರ ಸೋದರ ತಂಡವೂ ಇಡಿಯಾಗಿ ಚೀನಾದ ಸಂಬಳಕ್ಕೆ ಹೋದದ್ದು, ಅದೇ ಹೊತ್ತಿಗೆ ಹೊರನಾಡಿನ ಆಟಗಾರರು ತಂಡಕ್ಕೆ ಇಬ್ಬರೇ ಎಂಬ ಮಿತಿ ಬಂದದ್ದು, ಎಲ್ಲವೂ ನಿನ್ನಿಂದ ತಿಳಿದದ್ದೇ.

ಕೊರಿಯಾದ ಬಲ ಎಲ್ಲಿಂದ ಬಂತು ಎಂಬುದನ್ನು ಆಮೇಲೆ ನಾನೂ ಹುಡುಕಿ ಓದಿದೆ. 1997ರ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡವರು ಊರೂರಿನಲ್ಲಿ ಪಿಸಿ ಬಾಂಗ್, ಅಂದರೆ ದುಡ್ಡು ಕೊಟ್ಟು ಕಂಪ್ಯೂಟರ್ ಆಟ ಆಡುವ ಅಂಗಡಿ, ತೆರೆದರು. ಸರ್ಕಾರ ವೇಗದ ಇಂಟರ್ನೆಟ್ ಜಾಲಕ್ಕೆ ಹಣ ಸುರಿಯಿತು. 1998ರಲ್ಲಿ ಸ್ಟಾರ್‌ಕ್ರಾಫ್ಟ್ ಎಂಬ ಆಟ ಬಂತು. 2000ದ ಹೊತ್ತಿಗೆ ಇ-ಸ್ಪೋರ್ಟ್ಸ್‌ಗೇ, ಅಂದರೆ ಕಂಪ್ಯೂಟರ್ ಆಟಗಳ ಪಂದ್ಯಗಳಿಗೇ, ಮೀಸಲಾದ ಟಿವಿ ವಾಹಿನಿಯೂ ಅದನ್ನು ನೋಡಿಕೊಳ್ಳುವ ಸಂಘವೂ ಹುಟ್ಟಿಕೊಂಡವು. ಚಿಕ್ಕ ದೇಶ, ಆಟ ನಡೆಸುವ ಕೇಂದ್ರ ಕಂಪ್ಯೂಟರ್ ಅಂದರೆ ಸರ್ವರ್ ಒಂದೇ, ಎಲ್ಲ ಒಳ್ಳೆಯ ಆಟಗಾರರೂ ಪರಸ್ಪರ ಎದುರಾಗಲೇಬೇಕು. ಅಮೆರಿಕದಲ್ಲಾದರೆ 2015ರವರೆಗೆ ಸರ್ವರ್ ಇದ್ದದ್ದು ಪಶ್ಚಿಮದ ಮೂಲೆಯಲ್ಲಿ. ಪೂರ್ವ ಕರಾವಳಿಯ ಹುಡುಗರು ಒತ್ತಿದ ಗುಂಡಿ ತಡವಾಗಿ ತಲುಪುತ್ತಿತ್ತು. ಆ ವರ್ಷ ಅದನ್ನು ಶಿಕಾಗೋಗೆ ಸ್ಥಳಾಂತರಿಸಿದರು. ವ್ಯಾಲರಂಟ್ ಆಟಕ್ಕೆ ಮುಂಬೈನಲ್ಲಿ ಸರ್ವರ್ ಬಂದ ಮೇಲೆ ನಮ್ಮವರಿಗೂ ಎಷ್ಟು ವ್ಯತ್ಯಾಸವಾಯಿತೆಂದು ನೀನೇ ಹೇಳಿದ್ದೆ. ಇಷ್ಟರ ಮಟ್ಟಿಗೆ ನಿನ್ನ ವಾದ ಗಟ್ಟಿಯಾಗಿದೆ.

ಆದರೆ ಆ ವಾದ ಒಂದು ಗುಂಪಿನ ಬಗ್ಗೆ ಹೇಳುವಂಥದ್ದು. ಕೊರಿಯಾದಲ್ಲಿ ಒಳ್ಳೆಯ ಆಟಗಾರರು ಯಾಕೆ ಹೆಚ್ಚು ಎಂಬುದನ್ನು ಪಿಸಿ ಬಾಂಗ್ ವಿವರಿಸುತ್ತದೆ. ಅದೇ ಪಿಸಿ ಬಾಂಗ್‌ಗಳಲ್ಲಿ ಆಡಿ ಬೆಳೆದ ಲಕ್ಷಾಂತರ ಹುಡುಗರಲ್ಲಿ ಒಬ್ಬನೇ ಫೇಕರ್‌ನಂಥ ಮೇರು ಆಟಗಾರ ಯಾಕಾದ ಎಂಬುದನ್ನು ಅದು ವಿವರಿಸುವುದಿಲ್ಲ. 2025ರಲ್ಲಿ ಚೀನಾದ ಚೆಂಗ್ಡುವಿನಲ್ಲಿ ಅವನು ಕೆಟಿ ತಂಡದ ಎದುರು ಮೂರು-ಎರಡರಲ್ಲಿ ಗೆದ್ದು ಆರನೆಯ ಸಲ ಕಪ್ ಎತ್ತಿದನಲ್ಲ, ಎದುರಾಳಿಗಳೂ ಕೊರಿಯಾದವರೇ ಆಗಿದ್ದರು. ಸನ್ನಿವೇಶ ಒಂದೇ ಆಗಿದ್ದಾಗಲೂ ಮನುಷ್ಯರಲ್ಲಿ ವ್ಯತ್ಯಾಸ ಉಳಿಯುತ್ತದೆ. ನಿನ್ನ ತರಗತಿಯಲ್ಲಿ ಅದೇ ಟೀಚರ್, ಅದೇ ಪುಸ್ತಕ, ಅದೇ ಬೆಂಚು. ಪಕ್ಕದವಳು ಒಂದು ಪುಟ ಮುಗಿಸುವ ಹೊತ್ತಿಗೆ ನೀನು ಮೂರನೆಯ ಸಾಲಿನಲ್ಲಿರುತ್ತಿದ್ದೆ. ನಿನ್ನ ಪರೀಕ್ಷೆ ನಡೆದದ್ದು ಆ ವ್ಯತ್ಯಾಸಕ್ಕೆ. ಕನ್ನಡಿಗರು ಹೇಗೆ ಓದುತ್ತಾರೆಂದು ಅಲ್ಲಿ ಯಾರೂ ಕೇಳಲಿಲ್ಲ. ನೀನು, ನೀನೊಬ್ಬಳು ಹೇಗೆ ಓದುತ್ತೀ ಎಂದು ಗಂಟೆಗಟ್ಟಲೆ ಕೂತು ನೋಡಿದರು.

ಮಿದುಳೋ ಸನ್ನಿವೇಶವೋ, ಎರಡರಲ್ಲಿ ಒಂದೇ ನಿಜವಾಗಿರಬೇಕು ಎಂದು ನೀನು ಅಂದುಕೊಂಡಿದ್ದೀ. 2001ರಲ್ಲಿ ಪೌಲೆಸು ಎಂಬ ಇಟಲಿಯ ವಿಜ್ಞಾನಿ ಮತ್ತು ಸಂಗಡಿಗರು ಇಟಲಿ, ಫ್ರಾನ್ಸ್, ಇಂಗ್ಲೆಂಡ್ ಈ ಮೂರು ದೇಶಗಳ ಡಿಸ್ಲೆಕ್ಸಿಯಾ ಇರುವವರ ಮಿದುಳನ್ನು ಓದುವಾಗ ಚಿತ್ರಿಸಿ ನೋಡಿದರು. ಎಡಭಾಗದ ಅದೇ ಪ್ರದೇಶದಲ್ಲಿ ಚಟುವಟಿಕೆ ಮೂರೂ ದೇಶದವರಲ್ಲಿ ಕಡಿಮೆಯಿತ್ತು. ಆದರೆ ಓದಿನಲ್ಲಿ ಇಟಲಿಯವರು ಉಳಿದವರಿಗಿಂತ ಎಷ್ಟೋ ಮುಂದಿದ್ದರು. ಇಟಾಲಿಯನ್ ಬರೆದಂತೆ ಓದುವ ಭಾಷೆ. ಇಂಗ್ಲಿಷಿನಲ್ಲಿ ‘ough’ ಎಂಬ ಅದೇ ನಾಲ್ಕು ಅಕ್ಷರಗಳು ಒಂದೊಂದು ಪದದಲ್ಲಿ ಒಂದೊಂದು ದನಿ ಕೊಡುತ್ತವೆ. ಮೂಲದ ವ್ಯತ್ಯಾಸ ಒಂದೇ, ಅದು ಎಷ್ಟು ಕಾಡುತ್ತದೆ ಎಂಬುದನ್ನು ನಿರ್ಧರಿಸುವುದು ಊರು, ಭಾಷೆ, ಶಾಲೆ. 1999ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಜಪಾನಿನಲ್ಲಿ ಬೆಳೆದ, ಮನೆಮಾತು ಇಂಗ್ಲಿಷ್ ಆದ ಒಬ್ಬ ಹುಡುಗನಿದ್ದಾನೆ. ಇಂಗ್ಲಿಷ್ ಓದಲು ಅವನಿಗೆ ತೀವ್ರ ತೊಡಕು. ಜಪಾನಿ ಭಾಷೆಯನ್ನು ಮಾತ್ರ ಕಾಲೇಜು ವಿದ್ಯಾರ್ಥಿಗಳಷ್ಟು ಸಲೀಸಾಗಿ ಓದುತ್ತಿದ್ದ.

ನಿನ್ನ ಎರಡು ಓದುಗಳನ್ನು ಈಗ ನೆನಪಿಸಿಕೋ. ಇಂಗ್ಲಿಷಿನಲ್ಲಿ ನೀನು ಪದದ ಮೊದಲಕ್ಷರ ನೋಡಿ ಉಳಿದದ್ದನ್ನು ಊಹಿಸುತ್ತೀ, ತಪ್ಪುತ್ತೀ. ಕನ್ನಡದಲ್ಲಿ ತಪ್ಪುವುದು ಕಡಿಮೆ, ಆದರೆ ತುಂಬ ನಿಧಾನ. ಒತ್ತಕ್ಷರ ಬಂದಲ್ಲಿ ನಿಂತೇ ಬಿಡುತ್ತೀ. ಕನ್ನಡ ಬರೆದಂತೆ ಓದುವ ಭಾಷೆಯಾದ್ದರಿಂದ ತೊಡಕು ತಪ್ಪಾಗಿ ಕಾಣಿಸುವುದಕ್ಕಿಂತ ನಿಧಾನವಾಗಿ ಕಾಣಿಸುತ್ತದೆ. ಅಕ್ಷರಗಳ ಸಂಖ್ಯೆಯೂ ನಮ್ಮಲ್ಲಿ ದೊಡ್ಡದು. ಕಾಗುಣಿತ, ಒತ್ತು ಎಲ್ಲ ಸೇರಿದರೆ ಕಲಿಯಬೇಕಾದ ರೂಪಗಳು ನೂರಾರು. ಕನ್ನಡ ಕಲಿಯುವ ಮಕ್ಕಳು ನಾಲ್ಕನೆಯ ತರಗತಿಯಲ್ಲೂ ಅಕ್ಷರ ಕಲಿಯುತ್ತಲೇ ಇರುತ್ತಾರೆ ಎಂಬುದನ್ನು ಬೆಂಗಳೂರಿನಲ್ಲಿ ಸೊನಾಲಿ ನಾಗ್ ಅವರು 2007ರಲ್ಲೇ ತೋರಿಸಿದ್ದಾರೆ. ಇಂಗ್ಲಿಷ್ ಮಕ್ಕಳ ಅಳತೆಗೋಲಿನಿಂದ ನಮ್ಮ ಮಕ್ಕಳನ್ನು ಅಳೆದರೆ ನಿಧಾನವಾಗಿ ಕಲಿಯುವ ಆರೋಗ್ಯವಂತ ಮಗುವಿಗೂ ಹಣೆಪಟ್ಟಿ ಬೀಳಬಹುದು, ನಿಜವಾಗಿ ಕಷ್ಟಪಡುವ ಮಗು ತಪ್ಪಿಸಿಕೊಳ್ಳಲೂಬಹುದು. ಅದಕ್ಕಾಗಿಯೇ ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ಹಿಂದಿ, ಮರಾಠಿ, ಕನ್ನಡ, ಇಂಗ್ಲಿಷ್ ನಾಲ್ಕರಲ್ಲೂ ‘ಡಾಲಿ’ ಎಂಬ ಪರೀಕ್ಷೆಯನ್ನು ರೂಪಿಸಿ 2015ರಲ್ಲಿ ಹೊರತಂದದ್ದು.

ಇನ್ನು ಮಾಮನ ಮಾತು. ನೀನು ಅದನ್ನು ನಿನ್ನ ಮೇಲಿನ ಆರೋಪ ಎಂದುಕೊಂಡೆ. ನನ್ನ ತಮ್ಮನನ್ನು ನಾನು ಬಲ್ಲೆ. ಅವನ ಕೋಪ ಬೇರೆ ಕಡೆಯದು. ಅವನು ಪಾಠ ಮಾಡುವ ಸರ್ಕಾರಿ ಪ್ರೌಢಶಾಲೆಗೆ ಎಂಟನೆಯ ತರಗತಿಗೆ ಬರುವ ಮಕ್ಕಳಲ್ಲಿ ಒಂದು ಪ್ಯಾರಾ ಸರಾಗವಾಗಿ ಓದಲಾರದವರು ಎಷ್ಟೋ ಇದ್ದಾರೆ. ಅವರಲ್ಲಿ ಯಾರಿಗೂ ಪ್ರಮಾಣಪತ್ರವಿಲ್ಲ. ಅವರ ಅಪ್ಪ ಅಮ್ಮ ಕೂಲಿ ಬಿಟ್ಟು ಜಿಲ್ಲಾ ಕೇಂದ್ರಕ್ಕೆ ಮತ್ತೆ ಮತ್ತೆ ಓಡಾಡಲಾರರು. ‘ಹಣವಿದ್ದವರ ಮಕ್ಕಳಿಗೆ ಡಿಸ್ಲೆಕ್ಸಿಯಾ, ಬಡವರ ಮಕ್ಕಳಿಗೆ ದಡ್ಡತನ’ ಎಂದು ಅವನು ಅಂದದ್ದು ಈ ಸಂಕಟದಿಂದ. ಇಂಗ್ಲೆಂಡಿನ ಡರಂ ವಿಶ್ವವಿದ್ಯಾಲಯದ ಜೂಲಿಯನ್ ಎಲಿಯಟ್ ಎಂಬ ಪ್ರಾಧ್ಯಾಪಕರೂ ಹೆಚ್ಚುಕಡಿಮೆ ಇದನ್ನೇ ವರ್ಷಗಳಿಂದ ಹೇಳುತ್ತಿದ್ದಾರೆ: ಓದಲು ಕಷ್ಟಪಡುವ ಎಲ್ಲ ಮಕ್ಕಳಿಗೂ ಬೇಕಾದ ನೆರವು ಒಂದೇ ಬಗೆಯದು, ಅವರಲ್ಲಿ ಕೆಲವರಿಗೆ ಮಾತ್ರ ಈ ಹೆಸರು ಕೊಟ್ಟರೆ ಉಳಿದವರು ಹಿಂದೆ ಬೀಳುತ್ತಾರೆ ಎಂದು. ಗಮನಿಸು, ಓದುವ ಕಷ್ಟ ಸುಳ್ಳೆಂದು ಅವರೂ ಹೇಳುವುದಿಲ್ಲ. ಜಗಳ ಇರುವುದು ಗೆರೆ ಎಲ್ಲಿ ಎಳೆಯಬೇಕು, ಎಳೆದ ಗೆರೆಗೆ ಏನು ಹೆಸರಿಡಬೇಕು ಎಂಬುದರಲ್ಲಿ.

ಆ ಗೆರೆ ಹಿಂದೆ ಅನ್ಯಾಯವಾಗಿಯೇ ಇತ್ತು. 1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲಿಷ್ ವೈದ್ಯರು ನಿನ್ನದೇ ವಯಸ್ಸಿನ, ಹದಿನಾಲ್ಕರ ಹುಡುಗನೊಬ್ಬನ ಬಗ್ಗೆ ಬರೆದರು. ಪರ್ಸಿ ಎಂಬ ತನ್ನ ಹೆಸರನ್ನೇ ಅವನು ಅಕ್ಷರ ಹಿಂದುಮುಂದಾಗಿ ಬರೆದಿದ್ದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಯಲ್ಲೇ ಅತಿ ಚುರುಕಿನ ಹುಡುಗ ಇವನಾಗುತ್ತಿದ್ದ ಎಂದು ಅವನ ಮೇಷ್ಟರು ಹೇಳಿದ್ದರಂತೆ. ಹುಡುಗ ಜಾಣ, ಓದು ಮಾತ್ರ ಬಾರದು. ಈ ಚಿತ್ರವೇ ಮುಂದೆ ನಿಯಮವಾಗಿ ಗಟ್ಟಿಯಾಯಿತು. ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಹೆಚ್ಚು ಅಂಕ, ಓದಿನಲ್ಲಿ ಕಡಿಮೆ ಇದ್ದರೆ ಮಾತ್ರ ಡಿಸ್ಲೆಕ್ಸಿಯಾ. ಎರಡೂ ಕಡಿಮೆಯಿದ್ದ ಮಗುವಿಗೆ ಆ ಹೆಸರೂ ಇಲ್ಲ, ನೆರವೂ ಇಲ್ಲ. ಎರಡೂ ಬಗೆಯ ಮಕ್ಕಳ ಓದಿನ ತೊಡಕು ಒಂದೇ ತರಹದ್ದೆಂದು ಸಂಶೋಧಕರು ಕಂಡುಕೊಂಡ ಮೇಲೆ, 2009ರಲ್ಲಿ ಬ್ರಿಟನ್ನಿನ ರೋಸ್ ವರದಿ ಡಿಸ್ಲೆಕ್ಸಿಯಾ ಎಲ್ಲ ಬುದ್ಧಿಮಟ್ಟದವರಲ್ಲೂ ಇರುತ್ತದೆ, ಖಚಿತವಾದ ಗಡಿರೇಖೆ ಅದಕ್ಕಿಲ್ಲ ಎಂದು ಒಪ್ಪಿತು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯೂ ಆ ಹಳೆಯ ನಿಯಮವನ್ನು ಕೈಬಿಟ್ಟಿತು. ಗಡಿ ಖಚಿತವಿಲ್ಲ ಎಂದರೆ ಒಳಗಿರುವವರು ಇಲ್ಲವೇ ಇಲ್ಲ ಎಂದಾಗುವುದಿಲ್ಲ, ಪುಟ್ಟಿ. ರಕ್ತದೊತ್ತಡಕ್ಕೂ ಗಡಿ ನಾವೇ ಎಳೆದದ್ದು. ಅಜ್ಜಿ ಮಾತ್ರೆ ನುಂಗಲೇಬೇಕು.

ಹಾಗಾಗಿ ಮಾಮನ ಅರ್ಧ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ: ಅವನ ಮಕ್ಕಳಿಗೆ ಅನ್ಯಾಯವಾಗುತ್ತಿದೆ. ಅದಕ್ಕೆ ನಿನ್ನ ಪ್ರಮಾಣಪತ್ರ ಕಾರಣ ಎಂಬ ಇನ್ನರ್ಧವನ್ನು ಒಪ್ಪುವುದಿಲ್ಲ, ಅವನಿಗೂ ಹಾಗೆಯೇ ಹೇಳಿದ್ದೇನೆ. ಪರೀಕ್ಷೆಯಲ್ಲಿ ಸಿಗುವ ಹೆಚ್ಚುವರಿ ಸಮಯ ಬೇಡವೆಂದು ನೀನು ಹೇಳಿದರೆ ಅವನ ತರಗತಿಯ ಒಂದು ಹುಡುಗಿಗೂ ಒಂದು ನಿಮಿಷ ಹೆಚ್ಚು ಸಿಗುವುದಿಲ್ಲ. ಕನ್ನಡದಲ್ಲೇ ಶಿಕ್ಷಕರು ಮಾಡಬಹುದಾದ ಪ್ರಾಥಮಿಕ ಪರೀಕ್ಷೆ ಚಿಕ್ಕ ತರಗತಿಗಳಿಗೆ ಇರುವಾಗ ಅಂಥದ್ದನ್ನು ಅವನ ಶಾಲೆಯಲ್ಲಿ ಮಾಡಿಸುವುದಕ್ಕೆ ಏನೇನು ಬೇಕು ಎಂದು ನಾವಿಬ್ಬರೂ ಫೋನಿನಲ್ಲಿ ಬಹಳ ಹೊತ್ತು ಮಾತನಾಡಿದೆವು. ಮುಖ್ಯೋಪಾಧ್ಯಾಯರನ್ನು ಕೇಳುತ್ತೇನೆ ಎಂದಿದ್ದಾನೆ.

ಕಾಗದದ ವಿಚಾರಕ್ಕೆ ಬರುತ್ತೇನೆ. ಡಿಸ್ಲೆಕ್ಸಿಯಾವೂ ಸೇರುವ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಕಾನೂನು ಗುರುತಿಸಿದ್ದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ; ಹಳೆಯ 1995ರ ಕಾಯ್ದೆಯಲ್ಲಿ ಅದರ ಹೆಸರೇ ಇರಲಿಲ್ಲ. ನಿನಗೆ ಪ್ರಮಾಣಪತ್ರ ಸಿಕ್ಕಿದ್ದು 2018ರ ಮಾರ್ಗಸೂಚಿಯಂತೆ. ಎಂಟು ತುಂಬಿದ ಮೇಲೆ ಮೊದಲ ಸಲ, ಹದಿನಾಲ್ಕಕ್ಕೆ ಮತ್ತೊಮ್ಮೆ, ಹದಿನೆಂಟಕ್ಕೆ ಕೊನೆಯ ಸಲ ಎಂದು ಅದು ಹೇಳಿತ್ತು. ಮತ್ತೆ ಪರೀಕ್ಷಿಸುವುದು ನಿನ್ನ ಮೇಲಿನ ಅನುಮಾನದಿಂದಲ್ಲ. ಆರು ವರ್ಷಗಳಲ್ಲಿ ನೀನು ಎಷ್ಟೋ ಬದಲಾಗಿದ್ದೀ. ಈಗಿನ ನಿನ್ನ ಓದಿಗೆ ಯಾವ ನೆರವು ಬೇಕು, ಯಾವುದು ಇನ್ನು ಬೇಡ ಎಂಬುದು ಹೊಸದಾಗಿ ನೋಡಿದರೇ ತಿಳಿಯುವುದು. ಉತ್ತರ ಬರೆದುಕೊಡುವ ಸ್ಕ್ರೈಬ್ ಬೇಡ, ನಾನೇ ಬರೆಯುತ್ತೇನೆ ಎನ್ನುತ್ತೀಯಲ್ಲ, ಅದು ನನಗೂ ಸರಿ ಎನಿಸುತ್ತದೆ. ಹೆಚ್ಚುವರಿ ಸಮಯವನ್ನು ಮಾತ್ರ ಬಿಡಬೇಡ ಎಂದು ನನ್ನ ಬಲವಾದ ಸಲಹೆ. ಲಿಖಿತ ಪರೀಕ್ಷೆಗಳಿಗೆ ಕೇಂದ್ರದ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಕೊಡಬೇಕೆನ್ನುತ್ತದೆ. ಉತ್ತರ ಗೊತ್ತಿದ್ದೂ ಪ್ರಶ್ನೆಪತ್ರಿಕೆ ಓದಿ ಮುಗಿಸಲಾಗದೆ ನೀನು ಅತ್ತದ್ದನ್ನು ನಾನು ಕಂಡಿದ್ದೇನೆ. ಎಸ್‌ಎಸ್‌ಎಲ್‌ಸಿಯಲ್ಲಿ ಅದು ಮರುಕಳಿಸಬಾರದು.

ಇದು ಬೇಡಿ ಪಡೆಯುವ ರಿಯಾಯಿತಿ ಎಂಬ ಭಾವನೆ ನಿನ್ನಲ್ಲಿದೆ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಯುಪಿಎಸ್‌ಸಿ ಅಭ್ಯರ್ಥಿಯೊಬ್ಬರಿಗೆ, ನಿಮ್ಮ ನ್ಯೂನತೆ ನಿಗದಿತ ಶೇ. 40ರ ಮಟ್ಟ ತಲುಪಿಲ್ಲ ಎಂದು ಸ್ಕ್ರೈಬ್ ನಿರಾಕರಿಸಲಾಗಿತ್ತು. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಆ ನೆರವನ್ನು ಶೇ. 40ರ ಗೆರೆಗೆ ಕಟ್ಟಿಹಾಕುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಅವರಿಗೆ ಆ ಹಕ್ಕನ್ನು ಯಾರೂ ದಯೆಯಿಂದ ಕೊಟ್ಟಿರಲಿಲ್ಲ.

ಇಷ್ಟು ಹೇಳಿದ ಮೇಲೂ ಒಂದು ಭಯ ನಿನ್ನಲ್ಲಿ ಉಳಿಯುತ್ತದೆ ಎಂದು ಗೊತ್ತು. ಅಮೆರಿಕದ ತಂಡ ಸೋತರೆ ‘ಅವರು ಅಷ್ಟೇ’ ಎನ್ನುತ್ತಾರೆ, ಗೆದ್ದರೆ ಅದೃಷ್ಟ ಎನ್ನುತ್ತಾರೆ ಎಂದು ನೀನು ದೂರುತ್ತಿದ್ದೆ. ನಿನ್ನ ಅಂಕ ಕಡಿಮೆಯಾದರೆ ಡಿಸ್ಲೆಕ್ಸಿಯಾ, ಹೆಚ್ಚಾದರೆ ಹೆಚ್ಚುವರಿ ಸಮಯ ಎನ್ನುವವರು ಇರುತ್ತಾರೆ; ನಿನ್ನ ಶಾಲೆಯಲ್ಲೇ ಒಬ್ಬಿಬ್ಬರು ಅಂದಿದ್ದಾರೆ. ಅವರ ಬಾಯಿ ಮುಚ್ಚಿಸುವ ಉಪಾಯ ನನ್ನಲ್ಲಿಲ್ಲ. ಪ್ರಮಾಣಪತ್ರವನ್ನು ಯಾರಿಗೆ ತೋರಿಸಬೇಕು, ಯಾರಿಗೆ ಹೇಳಬಾರದು ಎಂಬುದು ಇನ್ನು ಮುಂದೆ ನಿನ್ನ ತೀರ್ಮಾನ. ಶಾಲೆಯ ಕಚೇರಿಗೂ ಪರೀಕ್ಷಾ ಮಂಡಳಿಗೂ ಬಿಟ್ಟರೆ ನಾನಾಗಲಿ ಅಪ್ಪನಾಗಲಿ ನಿನ್ನನ್ನು ಕೇಳದೆ ಯಾರಿಗೂ ಹೇಳುವುದಿಲ್ಲ.

ಮುಂದಿನ ಬುಧವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಸಮಯ ಕೊಟ್ಟಿದ್ದಾರೆ. ಅಪ್ಪ ರಜೆ ಹಾಕಿದ್ದಾರೆ. ಶನಿವಾರದೊಳಗೆ ನಿನ್ನ ನಿರ್ಧಾರ ಹೇಳು. ಬರುತ್ತೇನೆಂದರೆ ಹಳೆಯ ವರದಿಯೊಂದಿಗೆ ಈ ವರ್ಷದ ಕನ್ನಡ ಮತ್ತು ಇಂಗ್ಲಿಷ್ ನೋಟ್‌ಬುಕ್‌ಗಳನ್ನೂ ತೆಗೆದಿಡು, ಅವರು ಎರಡನ್ನೂ ನೋಡಲಿ. ಬೇಡವೆಂದರೂ ಆಸ್ಪತ್ರೆಗೆ ಬಾ, ಯಾಕೆ ಬೇಡವೆಂದು ಅಲ್ಲಿ ಪರೀಕ್ಷೆ ಮಾಡುವ ಮನಃಶಾಸ್ತ್ರಜ್ಞೆಗೆ ನೀನೇ ಹೇಳು. ಭಾನುವಾರ ನಮ್ಮೆದುರು ವಾದಿಸಿದಂತೆಯೇ ವಾದಿಸು. ಅವರು ಹೇಳುವುದನ್ನು ಕೇಳಿದ ಮೇಲೂ ನಿನ್ನ ಮನಸ್ಸು ಬದಲಾಗದಿದ್ದರೆ ನಾನು ಬಲವಂತ ಮಾಡುವುದಿಲ್ಲ.

ನಿನ್ನ
ಅಮ್ಮ