ಇಳಿಜಾರಿನ ಲೆಕ್ಕ

ಕಿಚನರ್, ಕೆನಡಾ
23-2-2025

ತೀರ್ಥರೂಪು ಅಪ್ಪಯ್ಯನವರಿಗೆ ಮತ್ತು ಅಮ್ಮನಿಗೆ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮ. ಮೂಡಿಗೆರೆ ಕಡೆ ಹೂ ಮಳೆ ಬಿತ್ತಾ? ರೊಬಸ್ಟಾ ಕಾಫಿ ಕುಯ್ಲು ಮುಗಿಯಿತಾ, ಇನ್ನೂ ಕಣದಲ್ಲೇ ಇದೆಯಾ? ಇಲ್ಲಿ ಈ ವಾರ ಒಂದು ಬೆಳಗ್ಗೆ ಮೈನಸ್ ಹದಿನೆಂಟು. ಮನೆ ಮುಂದಿನ ಹಿಮ ಎತ್ತಿ ಎತ್ತಿ ನನ್ನ ಸೊಂಟ ನಿಮ್ಮ ಸೊಂಟದ ವಯಸ್ಸಿಗೆ ಬಂದಿದೆ.

ತಮ್ಮ ಟೊಯೋಟಾದ ಇನೋವಾ ಹೈಕ್ರಾಸ್ ಕಾರೇ ಬೇಕು, ಅದೂ ಪೆಟ್ರೋಲ್ ಎಂಜಿನ್ ಜೊತೆ ಕರೆಂಟಿನ ಮೋಟಾರೂ ಇರೋ ಹೈಬ್ರಿಡ್ಡೇ ಬೇಕು ಅಂತ ಹಟ ಹಿಡಿದಿದ್ದಾನೆ, ‘ದೊಡ್ಡವನು ತಗೊಂಡಿದ್ದಾನಲ್ಲ, ಅದು ಹೇಗಿದೆ ಕೇಳು’ ಅಂತ ನೀವು ಅಂದಿರಿ ಎಂದು ಅಮ್ಮ ಹೇಳಿದಳು. ಫೋನಿನಲ್ಲಿ ಹೇಳೋಕೆ ಹೊರಟರೆ ‘ಎಷ್ಟು ಕೊಡುತ್ತೆ?’ ಅನ್ನೋದರಲ್ಲೇ ಮಾತು ಮುಗಿಯುತ್ತೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಕಾರು ಲೆಕ್ಸಸ್ ಆರ್‌ಎಕ್ಸ್ 350ಎಚ್. ಲೆಕ್ಸಸ್ ಅಂದರೆ ಟೊಯೋಟಾದ್ದೇ ದೊಡ್ಡಮನೆ ಅನ್ನಿ. ಶ್ರೀಮಂತರ ಕಾರಿನಲ್ಲಿ ಹೈಬ್ರಿಡ್ ಎಂಜಿನ್ ಕೂರಿಸಿ ನಡೆಸಿ ತೋರಿಸಿದ್ದೇ ಇದರ ಹಳೆಯ ತಲೆಮಾರಿನ 400ಎಚ್, 2005ರಲ್ಲಿ. ಇನ್ನೊಂದು ವಿಷಯ ನಿಮಗೆ ಇಷ್ಟವಾಗುತ್ತೆ. ಈ ಕಾರು ನಮ್ಮ ಪಕ್ಕದ ಊರು ಕೇಂಬ್ರಿಡ್ಜ್‌ನಲ್ಲೇ ತಯಾರಾಗುತ್ತೆ. ಜಪಾನ್ ಬಿಟ್ಟು ಹೊರಗೆ ಲೆಕ್ಸಸ್ ಮೊದಲು ಮಾಡಿದ್ದೂ ಅಲ್ಲೇ, 2003ರಲ್ಲಿ. ತಮ್ಮ ನೋಡಿರೋ ಹೈಕ್ರಾಸ್ ಬಿಡದಿಯದ್ದು. ಅಣ್ಣ ತಮ್ಮ ಇಬ್ಬರೂ ಊರ ಸಂತೆಯಲ್ಲೇ ಹೋರಿ ಹಿಡಿದ ಹಾಗಾಯ್ತು.

ಬೆಲೆ ಬರೆಯೋಲ್ಲ. ಬರೆದರೆ ನೀವು ಅದನ್ನು ಚೆರ್ರಿ ಮೂಟೆಗೆ ತಿರುಗಿಸಿ ಲೆಕ್ಕ ಹಾಕಿ ಒಂದು ವಾರ ಊಟ ಬಿಡುತ್ತೀರಿ. ಶೋರೂಮಿನವರು ಐದು ತಿಂಗಳು ಕಾಯಿಸಿದರು, ಆಮೇಲೆ ನಾನು ಕೇಳದೇ ಇದ್ದ ಮ್ಯಾಟು, ಪೇಂಟಿನ ಮೇಲಿನ ಲೇಪ ಎಲ್ಲ ಬಿಲ್ಲಿಗೆ ಸೇರಿಸಿದರು. ಜಗಳ ಆಡಿ ತೆಗೆಸಿದೆ. ಆ ವಿಷಯದಲ್ಲಿ ನಿಮ್ಮ ಮಗನೇ.

ಈಗ ‘ಎಷ್ಟು ಕೊಡುತ್ತೆ’ಗೆ ಬರೋಣ. ಅಕ್ಟೋಬರಿನಲ್ಲಿ ನೂರು ಕಿಲೋಮೀಟರಿಗೆ 6.7 ಲೀಟರ್ ಕುಡಿಯುತ್ತಿತ್ತು, ನಮ್ಮ ಲೆಕ್ಕದಲ್ಲಿ ಲೀಟರಿಗೆ ಹದಿನೈದು ಕಿಲೋಮೀಟರಿನ ಹತ್ತಿರ. ಎರಡು ಟನ್ ತೂಗೋ ವಸ್ತುವಿಗೆ ಇದು ಚೆನ್ನಾಗಿಯೇ ಇದೆ. ಆದರೆ ಜನವರಿಯಲ್ಲಿ ಹನ್ನೆರಡಕ್ಕೆ ಇಳಿಯಿತು. ಚಳಿಯಲ್ಲಿ ಬ್ಯಾಟರಿ ಮಂಕು. ಒಳಗೆ ಕೂತವರಿಗೆ ಬಿಸಿಗಾಳಿ ಬೇಕಲ್ಲ, ಅದು ಬರೋದು ಎಂಜಿನ್ ಕಾವಿನಿಂದಲೇ, ಹಾಗಾಗಿ ಸುಮ್ಮನೆ ನಿಂತಿದ್ದರೂ ಎಂಜಿನ್ ಓಡುತ್ತಿರುತ್ತೆ. ತಮ್ಮನಿಗೆ ಈ ಕಾಟ ಇಲ್ಲ. ಅವನಿಗೆ ಇನ್ನೊಂದು ಮಾತು ಹೇಳಿ: ಈ ಜಾತಿಯ ಕಾರು ಹೈವೇಗಿಂತ ಪೇಟೆಯೊಳಗೇ ಹೆಚ್ಚು ಮೈಲೇಜು ಕೊಡುತ್ತೆ. ನಿಂತು ನಿಂತು ಹೋದಷ್ಟೂ ಬ್ರೇಕಿನಿಂದ ಕರೆಂಟು ವಾಪಸ್ ಬರುತ್ತೆ, ಮೆಲ್ಲಗೆ ಸಾಗುವಾಗ ಮೋಟಾರೇ ಎಳೆಯುತ್ತೆ. ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲಿ ಶನಿವಾರ ಸಾಯಂಕಾಲ ಸಿಕ್ಕಿಕೊಂಡರೆ ಇದಕ್ಕೆ ಹಬ್ಬ.

ರಾತ್ರಿ ಪ್ಲಗ್ಗಿಗೆ ಹಾಕಬೇಕಾ ಅಂತ ನೀವು ಎರಡು ಸಲ ಕೇಳಿದ್ದಿರಿ. ಬೇಡ. ಇದಕ್ಕೆ ಪ್ಲಗ್ಗೇ ಇಲ್ಲ. ಎರಡೂವರೆ ಲೀಟರಿನ ಪೆಟ್ರೋಲ್ ಎಂಜಿನ್ನು, ಜೊತೆಗೆ ಮೋಟಾರು, ಹಿಂದಿನ ಸೀಟಿನ ಕೆಳಗೆ ಸಣ್ಣ ಬ್ಯಾಟರಿ. ಹಿಂದಿನ ಚಕ್ರಕ್ಕೆ ಅದರದ್ದೇ ಬೇರೆ ಮೋಟಾರ್ ಇದೆ, ಮುಂದಿನಿಂದ ಹಿಂದಕ್ಕೆ ಹೋಗೋ ಶಾಫ್ಟೇ ಇಲ್ಲ. ಜೀಪಿನಡಿ ಮಲಗಿ ಗ್ರೀಸ್ ಹೊಡೆಯುತ್ತೀರಲ್ಲ, ಆ ಶಾಫ್ಟು. ಹಿಮದಲ್ಲಿ ಮುಂದಿನ ಚಕ್ರ ಜಾರಿತು ಅನ್ನೋ ಅಷ್ಟರಲ್ಲಿ ಹಿಂದಿನಿಂದ ಯಾರೋ ನೂಕಿದ ಹಾಗಾಗುತ್ತೆ.

ನನಗೆ ನಿಜವಾಗಿ ಹೇಳಬೇಕಾಗಿದ್ದು ಇಳಿಜಾರಿನ ವಿಷಯ.

ಇಲ್ಲಿಂದ ಒಂದು ಗಂಟೆ ದೂರದಲ್ಲಿ ಹ್ಯಾಮಿಲ್ಟನ್ ಅಂತ ಊರಿದೆ. ಊರಿನ ಬೆನ್ನಿಗೆ ನೂರು ಮೀಟರಿನಷ್ಟು ಎತ್ತರದ ಒಂದು ದಿಬ್ಬ. ಅದನ್ನು ಇವರು ಮೌಂಟನ್ ಅಂತಾರೆ! ಮುಳ್ಳಯ್ಯನಗಿರಿ 1930 ಮೀಟರ್ ಅಂದರೆ ಸುಮ್ಮನಾಗುತ್ತಾರೆ. ಹೋದ ತಿಂಗಳು ಆ ದಿಬ್ಬ ಇಳಿಯುವಾಗ ಡ್ಯಾಶ್‌ಬೋರ್ಡಿನ ಬ್ಯಾಟರಿ ಚಿತ್ರದಲ್ಲಿ ಒಂದು ಗೆರೆ ಏರಿತು, ಇನ್ನೊಂದು ಏರಿತು. ಎಂಜಿನ್ ಆಫ್. ಒಂದು ತೊಟ್ಟು ಪೆಟ್ರೋಲ್ ಖರ್ಚಿಲ್ಲದೆ ಬುಡಕ್ಕೆ ಬಂದೆವು, ಮುಂದಿನ ಸಿಗ್ನಲ್ ದಾಟೋವರೆಗೂ ಆ ಕೂಡಿಟ್ಟ ಕರೆಂಟಿನಲ್ಲೇ ಹೋದೆವು.

ನನಗೆ ನೀವು ನೆನಪಾದಿರಿ. ಕೊಟ್ಟಿಗೆಹಾರದಲ್ಲಿ ನೀರು ದೋಸೆ ತಿಂದು, ಚಾರ್ಮಾಡಿ ಇಳಿಯೋಕೆ ಶುರುವಾದ ಕೂಡಲೇ ನೀವು ಜೀಪನ್ನು ನ್ಯೂಟ್ರಲ್‌ಗೆ ಹಾಕಿ ಕೀಲಿ ತಿರುಗಿಸಿಬಿಡುತ್ತಿದ್ದಿರಿ. ಡೀಸೆಲ್ ಉಳಿಸೋಕೆ. ಅಮ್ಮ ಸೆರಗಿನ ಚುಂಗು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದಳು. ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ನಿಲ್ಲಿಸಿದರೆ ಬ್ರೇಕ್ ಲೈನರ್ ಸುಟ್ಟ ವಾಸನೆ ಊದುಬತ್ತಿಯನ್ನೂ ಮೀರಿ ಬರುತ್ತಿತ್ತು. ನೀವು ಉಳಿಸಿದ ಆ ಅರ್ಧ ಲೀಟರನ್ನು ಬ್ರೇಕು ಬಿಸಿಯಾಗಿ ಗಾಳಿಗೆ ಬಿಡುತ್ತಿತ್ತು, ಅಷ್ಟೇ ವ್ಯತ್ಯಾಸ. ಈ ಕಾರು ಮಾಡೋದೂ ನಿಮ್ಮ ಜಿಪುಣತನವನ್ನೇ, ಆದರೆ ಬಿಸಿಯಾಗಿ ಗಾಳಿಗೆ ಹೋಗಬೇಕಾದ್ದನ್ನೂ ಕರೆಂಟು ಮಾಡಿ ಹುಂಡಿಗೆ ಹಾಕಿಕೊಳ್ಳುತ್ತೆ.

ಹಾಗಂತ ತಮ್ಮ ಹೈಕ್ರಾಸ್ ತಂದರೆ ನೀವು ಅದನ್ನೂ ನ್ಯೂಟ್ರಲ್‌ಗೆ ಹಾಕಬೇಡಿ, ದಯವಿಟ್ಟು. ನ್ಯೂಟ್ರಲ್‌ನಲ್ಲಿ ಬ್ಯಾಟರಿ ಚಾರ್ಜ್ ಆಗೋದೇ ಇಲ್ಲ. ಗೇರಿನಲ್ಲೇ ಬಿಟ್ಟು ಇಳಿಯಬೇಕು. ಚಾರ್ಮಾಡಿಯಷ್ಟು ಉದ್ದದ ಘಾಟಿಯಲ್ಲಿ ಆ ಸಣ್ಣ ಬ್ಯಾಟರಿ ದಾರಿ ಮಧ್ಯೆಯೇ ತುಂಬಿಬಿಡಬಹುದು. ಆಗ ಎಂಜಿನ್ ಜೋರಾಗಿ ಕೂಗೋಕೆ ಶುರುಮಾಡುತ್ತೆ. ಹೆದರಬೇಡಿ, ಅದು ಎಂಜಿನ್ ಕಾರನ್ನು ಹಿಡಿದುಕೊಳ್ಳುತ್ತಿರೋ ಸದ್ದು.

ಸದ್ದಿನ ವಿಷಯದಲ್ಲಿ ನಿಮಗೆ ಈ ಕಾರು ಹಿಡಿಸೋದು ಕಷ್ಟ. ಕಣದಲ್ಲಿ ಕೂತೇ ‘ಅದು ಡೆಪೋ ಲಾರಿ, ಇದು ಪೋಸ್ಟ್ ಮಾಸ್ಟರ್ ಸ್ಕೂಟರ್ರು’ ಅಂತ ಏರಿನಲ್ಲಿ ಬರೋದನ್ನು ಹೇಳುವವರು ನೀವು. ಇದು ಬಂದದ್ದು ನಿಮ್ಮ ನಾಯಿಗೂ ಗೊತ್ತಾಗೋಲ್ಲ. ನಡೆದು ಹೋಗೋರಿಗೆ ತಿಳಿಯಲಿ ಅಂತ ಮೆಲ್ಲಗೆ ಹೋಗುವಾಗ ಬೇಕಂತಲೇ ಒಂದು ‘ಗುಂಯ್’ ಹೊರಡಿಸುತ್ತೆ, ದೇವಸ್ಥಾನದ ತಂಬೂರಿ ಹಾಗೆ. ಏರಿನಲ್ಲಿ ಒತ್ತಿ ತುಳಿದರೆ ಮಾತ್ರ ಎಂಜಿನ್ ಒಂದೇ ಸ್ವರದಲ್ಲಿ ಕಿರುಚುತ್ತೆ, ವೇಗ ಆಮೇಲೆ ನಿಧಾನಕ್ಕೆ ಬರುತ್ತೆ. ಕೇಳಿದರೆ ನೀವು ‘ಕ್ಲಚ್ ಪ್ಲೇಟ್ ಹೋಗಿದೆ ಕಣೋ’ ಅಂತೀರಿ. ಇದರಲ್ಲಿ ಕ್ಲಚ್ಚೇ ಇಲ್ಲ. ಗೇರು ಬದಲಾಯಿಸೋ ಏರ್ಪಾಡೂ ಇಲ್ಲ, ಈ ಬಗೆಯ ಹೈಬ್ರಿಡ್‌ಗಳ ಸ್ವಭಾವವೇ ಅದು. ನನಗೂ ಆ ಕಿರುಚು ಇನ್ನೂ ರೂಢಿಯಾಗಿಲ್ಲ.

ಬಾಗಿಲು ಇನ್ನೊಂದು ತಮಾಷೆ. ಒಳಗಿನ ಹಿಡಿ ಎಳೆಯೋದಲ್ಲ, ಒತ್ತೋದು. ಮೊದಲ ದಿನ ನಿಮ್ಮ ಸೊಸೆ ಒಂದು ಸಲ ಎಳೆದು, ತೆಗೆಯಲಿಲ್ಲವಲ್ಲ ಅಂತ ಒಳಗೇ ಕೂತಿದ್ದಳು, ನಾನು ಹೊರಗೆ ತರಕಾರಿ ಚೀಲ ಹಿಡಿದು ನಗುತ್ತಾ ನಿಂತಿದ್ದೆ. (ಅವತ್ತು ಸಾಯಂಕಾಲ ಕಾಫಿ ನಾನೇ ಮಾಡಿಕೊಂಡೆ.) ಆದರೆ ಹೋದ ತಿಂಗಳು ಪುಟ್ಟಿಯನ್ನು ಶಾಲೆ ಹತ್ತಿರ ಇಳಿಸುವಾಗ ಅವಳು ಒತ್ತಿದರೂ ಬಾಗಿಲು ತೆಗೆಯಲಿಲ್ಲ. ಪೀಂ ಪೀಂ ಅಂತು. ನಾನು ಬೈಯೋಕೆ ಬಾಯಿ ತೆಗೆದೆ, ಅಷ್ಟರಲ್ಲಿ ಕಿಟಕಿಗೆ ಒಂದು ಗೇಣು ದೂರದಲ್ಲಿ ಹುಡುಗನೊಬ್ಬ ಸೈಕಲ್ಲಿನಲ್ಲಿ ಸರ್ರನೆ ಹೋದ. ಹಿಂದಿನಿಂದ ಬರೋದನ್ನು ಕಾರೇ ನೋಡಿತ್ತು. ಕೊಟ್ಟ ದುಡ್ಡಿನ ಬಗ್ಗೆ ಅವತ್ತಿನಿಂದ ನಾನು ಗೊಣಗಿಲ್ಲ.

ತಮ್ಮನ ಪ್ರಶ್ನೆಗೆ ಉತ್ತರ: ಮಂಗಳೂರು, ಬೆಂಗಳೂರು, ಮದುವೆ ಮುಂಜಿ ಅಂತ ಓಡಾಡೋಕೆ ತಗೊಳ್ಳಲಿ. ಆದರೆ ಹೈಕ್ರಾಸಿಗೆ ಮುಂದಿನ ಚಕ್ರಕ್ಕೆ ಮಾತ್ರ ಎಳೆತ, ನಮ್ಮದರ ಹಾಗೆ ಹಿಂದೆ ಮೋಟಾರ್ ಇಲ್ಲ. ಜುಲೈ ತಿಂಗಳ ಕೆಸರಿನಲ್ಲಿ ಹಳ್ಳದ ಆಚೆಯ ತೋಟಕ್ಕೆ ಗೊಬ್ಬರದ ಚೀಲ ಹೊತ್ತು ಹತ್ತೋದು ಅದರ ಕೈಲಾಗೋ ಕೆಲಸ ಅಲ್ಲ. ಇದಕ್ಕೆ ದುಡ್ಡು ಸಾಲದು ಅಂತ ಜೀಪ್ ಮಾರೋ ಮಾತು ಎತ್ತಿದನಂತೆ. ಮಾರಬೇಡ ಅನ್ನಿ. ಕಡಿಮೆ ಬಿದ್ದದ್ದನ್ನು ನಾನು ಕಳಿಸುತ್ತೇನೆ.

ಮೇ ತಿಂಗಳಿಗೆ ನಿಮ್ಮಿಬ್ಬರ ಟಿಕೆಟ್ ನೋಡುತ್ತಿದ್ದೇನೆ. ಬರುವಾಗ ಚಿಕೋರಿ ಹಾಕದ ಪುಡಿ ಎರಡು ಕೆಜಿ, ಅಮ್ಮನ ಕೈಯ ಅಪ್ಪೆಮಿಡಿ ಒಂದು ಡಬ್ಬಿ, ಮುಚ್ಚಳಕ್ಕೆ ಟೇಪ್ ಸುತ್ತಿ. ಕಾರಿನ ಸೀಟು ತಿಳಿ ಬಣ್ಣದ ಚರ್ಮದ್ದು, ನೆನಪಿರಲಿ.

ಇಂತಿ ನಿಮ್ಮ
ದೊಡ್ಡ ಮಗ